ರಕ್ತ ತೆಳುವಾದಾಗ ಕೈಕಾಲು ಬಿಗಿದರೆ

ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ತೆಗೆದು, ಹೃದಯದ ರಕ್ತನಾಳ ಕಟ್ಟಿಕೊಂಡಿದೆ ಎಂದು ಗೊತ್ತಾದ ಕೂಡಲೇ ಅಲ್ಲಿಯೇ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡುವ ವ್ಯವಸ್ಥೆ ಈಗ ಕರ್ನಾಟಕದಲ್ಲಿದೆ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಶುರುವಾದ ಹೃದಯ ಜ್ಯೋತಿ ಯೋಜನೆಯಡಿ ಈ ದುಬಾರಿ ಔಷಧವನ್ನು ಉಚಿತವಾಗಿ ಕೊಡುತ್ತಾರೆ. ದೊಡ್ಡ ಊರಿನ ಆಸ್ಪತ್ರೆ ಮುಟ್ಟುವ ಮೊದಲೇ ದಾರಿಯಲ್ಲಿ ಜೀವ ಬಿಡುತ್ತಿದ್ದವರಿಗೆ ಇದು ನಿಜಕ್ಕೂ ಮರುಜನ್ಮ. ಹೃದಯದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಅದು ಕರಗಿಸುತ್ತದೆ, ಸಾಯುತ್ತಿದ್ದ ಹೃದಯದ ಸ್ನಾಯುವಿಗೆ ಮತ್ತೆ ರಕ್ತ ಹರಿಯುತ್ತದೆ.

ಆದರೆ ಯಾವ ಹೆಪ್ಪು ಪ್ರಾಣ ತೆಗೆಯುವಂಥದ್ದು, ಯಾವ ಹೆಪ್ಪು ಗಾಯ ಮುಚ್ಚಿರುವಂಥದ್ದು ಎಂಬ ಭೇದ ಈ ಮದ್ದಿಗೆ ಗೊತ್ತಿಲ್ಲ. ಅರ್ಧ ಗಂಟೆಯ ಹಿಂದೆ ಮೊಣಕೈ ಬಳಿ ರಕ್ತ ತೆಗೆಯಲು ಸೂಜಿ ಚುಚ್ಚಿದ ಜಾಗ, ಎದೆ ಹಿಡಿದುಕೊಂಡು ಬಿದ್ದಾಗ ಮೆಟ್ಟಿಲಿಗೆ ತಗುಲಿದ ಮೀನಖಂಡ, ಆಂಬುಲೆನ್ಸ್‌ನಲ್ಲಿ ಯಾರೋ ಸೊಂಟಕ್ಕೆ ಕೊಟ್ಟ ನೋವಿನ ಇಂಜೆಕ್ಷನ್, ಇವೆಲ್ಲವೂ ಮತ್ತೆ ಒಸರಲು ತೊಡಗಬಹುದು. ಬಹುತೇಕರಿಗೆ ಅದು ಒಂದು ನೀಲಿ ಮಚ್ಚೆಯಾಗಿ ಮುಗಿಯುತ್ತದೆ, ವಾರ ಕಳೆದರೆ ಮಾಯ. ಅಪರೂಪಕ್ಕೆ ಕೆಲವರಲ್ಲಿ ರಕ್ತ ಚರ್ಮದ ಕೆಳಗೆ ಹರಡುವುದನ್ನು ಬಿಟ್ಟು ಸ್ನಾಯುಗಳ ನಡುವೆ ಇಳಿದು ಅಲ್ಲಿಯೇ ತುಂಬಿಕೊಳ್ಳುತ್ತದೆ. ಆಗ ಜೀವ ಉಳಿದವರ ಕೈಯೋ ಕಾಲೋ ಕೆಲವೇ ಗಂಟೆಗಳಲ್ಲಿ ಹೋಗಿಬಿಡುವ ಅಪಾಯ. ವೈದ್ಯರು ಇದನ್ನು ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಎನ್ನುತ್ತಾರೆ.

ನಮ್ಮ ಕೈಕಾಲುಗಳ ಸ್ನಾಯುಗಳು ಸುಮ್ಮನೆ ಒಂದರ ಮೇಲೊಂದು ಬಿದ್ದುಕೊಂಡಿಲ್ಲ. ಫ್ಯಾಸಿಯಾ ಎಂಬ ಬಿಳಿಯ ಗಟ್ಟಿ ಪೊರೆ ಅವುಗಳನ್ನು ಗುಂಪು ಗುಂಪಾಗಿ ಸುತ್ತಿ ಕೋಣೆಗಳನ್ನು ಮಾಡಿದೆ. ಮಂಡಿಯಿಂದ ಕೆಳಗಿನ ಕಾಲಿನಲ್ಲಿ ಇಂಥ ನಾಲ್ಕು ಕೋಣೆಗಳು, ಮುಂದೋಳಿನಲ್ಲಿ ಮೂರು. ಪ್ರತಿ ಕೋಣೆಯೊಳಗೆ ಸ್ನಾಯುವಿನ ಜತೆ ನರ, ರಕ್ತನಾಳಗಳೂ ಸಾಗುತ್ತವೆ. ಈ ಪೊರೆ ಹಿಗ್ಗುವುದು ತೀರಾ ಕಡಿಮೆ. ಒಳಗೆ ರಕ್ತ ತುಂಬಿದರೆ ಜಾಗ ದೊಡ್ಡದಾಗುವುದಿಲ್ಲ, ಒತ್ತಡ ಏರುತ್ತದೆ. ಸಾಮಾನ್ಯವಾಗಿ ಕೋಣೆಯೊಳಗಿನ ಒತ್ತಡ ಪಾದರಸದ ಅಳತೆಯಲ್ಲಿ 10 ಮಿಲಿಮೀಟರ್‌ಗಿಂತ ಕಡಿಮೆ. ಅದು ಏರಿದಾಗ ಮೊದಲು ಹೊರಗೆ ಹೋಗುವ ತೆಳು ಸಿರೆಗಳು ಮುಚ್ಚಿಕೊಳ್ಳುತ್ತವೆ. ಬಂದ ರಕ್ತ ಹೊರಗೆ ಹೋಗಲಾರದೆ ಊತ ಹೆಚ್ಚುತ್ತದೆ, ಊತ ಹೆಚ್ಚಿದಷ್ಟೂ ಒತ್ತಡ ಏರುತ್ತದೆ. ಕೊನೆಗೆ ಸ್ನಾಯುವಿಗೆ ಉಣಿಸುವ ಕೂದಲೆಳೆಯಂಥ ನಾಳಗಳೂ ಅಮುಕಿಹೋಗುತ್ತವೆ. ನರ ಬೇಗ ಸೋಲುತ್ತದೆ. ಸ್ನಾಯು ಸುಮಾರು ಆರು ಗಂಟೆ ತಡೆಯಬಲ್ಲದು, ಆಮೇಲೆ ಸತ್ತ ಭಾಗ ಮರಳಿ ಬಾರದು.

ಆ ನಂತರ ಏನಾಗುತ್ತದೆ ಎಂಬುದನ್ನು ಲೋಕಕ್ಕೆ ತೋರಿಸಿದವನು ಜರ್ಮನಿಯ ಹಾಲೆ ನಗರದ ಶಸ್ತ್ರವೈದ್ಯ ರಿಚರ್ಡ್ ಫಾನ್ ಫೋಕ್‌ಮಾನ್. ಬಿಗಿಯಾಗಿ ಕಟ್ಟು ಹಾಕಿದ ಕೈಗಳ ಬೆರಳುಗಳು ಹಕ್ಕಿಯ ಕಾಲುಗುರಿನ ಹಾಗೆ ಮಡಚಿ ನಿಂತುಬಿಡುವುದನ್ನು ಅವನು 1881ರಲ್ಲಿ ವಿವರಿಸಿ, ರಕ್ತ ಸಿಗದೆ ಸ್ನಾಯು ಸತ್ತದ್ದೇ ಕಾರಣ ಎಂದ. ಇಂದಿಗೂ ಆ ವೈಕಲ್ಯಕ್ಕೆ ಅವನ ಹೆಸರೇ ಇದೆ. (ಇದೇ ಮನುಷ್ಯ ಫ್ರಾನ್ಸ್ ಮೇಲಿನ ಯುದ್ಧದ ದಿನಗಳಲ್ಲಿ ಮಕ್ಕಳಿಗಾಗಿ ಕಥೆಗಳನ್ನು ಬರೆದು ಬೇರೆ ಹೆಸರಿನಲ್ಲಿ ಪ್ರಕಟಿಸಿದ್ದ ಎಂಬುದು ಅವನ ಬಗ್ಗೆ ನನಗೆ ಪ್ರೀತಿ ಹುಟ್ಟಿಸುವ ಸಂಗತಿ.) ನಮ್ಮ ಹಳ್ಳಿಗಳಲ್ಲಿ ಮೂಳೆ ಮುರಿದಾಗ ಬಿದಿರಿನ ದಬ್ಬೆ ಇಟ್ಟು ಬಿಗಿದ ನಾಟಿ ಕಟ್ಟಿನಿಂದ ಕೈ ಕಳೆದುಕೊಂಡ ಮಕ್ಕಳನ್ನು ಮೂಳೆ ವೈದ್ಯರು ಈಗಲೂ ನೋಡುತ್ತಾರೆ. ಮೂಳೆ ಮುರಿತ, ಬಿಗಿ ಕಟ್ಟು, ಅಪಘಾತದಲ್ಲಿ ಕಾಲು ಜಜ್ಜಿಹೋಗುವುದು, ಈ ಸಿಂಡ್ರೋಮ್‌ಗೆ ಇವೇ ಹಳೆಯ, ಎಲ್ಲ ವೈದ್ಯರಿಗೂ ಗೊತ್ತಿರುವ ದಾರಿಗಳು. ರಕ್ತ ತೆಳು ಮಾಡುವ ಔಷಧ ತೆರೆದಿರುವ ದಾರಿ ಹೊಸದು, ಹಾಗಾಗಿ ಕಣ್ಣು ತಪ್ಪುವುದೂ ಹೆಚ್ಚು.

ಏಕೆಂದರೆ ಇಲ್ಲಿ ಮೂಳೆ ಮುರಿದಿರುವುದಿಲ್ಲ. ಹೃದಯದಲ್ಲಿ ಲೋಹದ ಕವಾಟ ಹಾಕಿಸಿಕೊಂಡು ವರ್ಷಗಳಿಂದ ಅಸಿಟ್ರಾಮ್ ಎಂಬ ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿರುವ ಹೆಂಗಸು ಮಂಚದ ಅಂಚಿಗೆ ಕಾಲು ತಗುಲಿಸಿಕೊಂಡಿರುತ್ತಾರೆ, ಅಷ್ಟೆ. ಸಂಜೆಯ ಹೊತ್ತಿಗೆ ಮೀನಖಂಡ ಊದುತ್ತದೆ. ಬಾಲ್ಯದ ಸಂಧಿವಾತದ ಜ್ವರದಿಂದ ಕವಾಟ ಕೆಟ್ಟವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ರಕ್ತ ಹೆಪ್ಪುಗಟ್ಟುವ ಮಟ್ಟವನ್ನು ತೋರಿಸುವ ಐಎನ್‌ಆರ್ ಪರೀಕ್ಷೆಯ ಅಂಕಿ ಸಾಮಾನ್ಯವಾಗಿ 2ರಿಂದ 3ರ ಆಸುಪಾಸು, ಕೆಲವು ಕವಾಟಗಳಿಗೆ ಇನ್ನೂ ಸ್ವಲ್ಪ ಮೇಲೆ ಇರಬೇಕು. ಕೆಮ್ಮಿಗೆಂದು ಯಾವುದೋ ಆ್ಯಂಟಿಬಯೋಟಿಕ್ ತೆಗೆದುಕೊಂಡರೆ, ನಾಲ್ಕು ದಿನ ಊಟ ಸೇರದಿದ್ದರೆ ಅದು ಗೊತ್ತೇ ಆಗದಂತೆ 5, 6 ದಾಟಿಬಿಡಬಹುದು. ಪರೀಕ್ಷೆ ಮಾಡಿಸಿ ಮೂರು ತಿಂಗಳಾಗಿರುತ್ತದೆ.

ಇನ್ನೊಂದು ದಾರಿ ಆಂಜಿಯೋಗ್ರಾಂ. ಮೊದಲು ತೊಡೆಸಂದಿನಿಂದ ಮಾಡುತ್ತಿದ್ದದ್ದನ್ನು ಈಗ ಹೆಚ್ಚಾಗಿ ಮಣಿಕಟ್ಟಿನ ನಾಳದಿಂದ ಮಾಡುತ್ತಾರೆ. ಅದು ಸುರಕ್ಷಿತ, ರೋಗಿಗೆ ಹಿತ. ಆದರೆ ತೆಳು ತಂತಿ ಮೇಲೇರುವಾಗ ಮುಂದೋಳಿನ ಸಣ್ಣ ಕವಲೊಂದಕ್ಕೆ ತಾಗಿದರೆ, ಒಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹರಿಯುತ್ತಿರುವುದರಿಂದ, ರಕ್ತ ಸ್ನಾಯುಗಳ ನಡುವೆ ಸೋರುತ್ತದೆ. ಕೆನಡಾದ ಕ್ಯೂಬೆಕ್‌ನ ಹೃದ್ರೋಗ ತಜ್ಞರು ಇದನ್ನು ಐದು ಹಂತಗಳಲ್ಲಿ ಗುರುತಿಸುವ ಪದ್ಧತಿ ರೂಪಿಸಿದರು. ಚುಚ್ಚಿದ ಜಾಗದ ಸುತ್ತ 5 ಸೆಂಟಿಮೀಟರ್ ಒಳಗಿನ ಊತ ಮೊದಲ ಹಂತ. ಕೈಗೆ ರಕ್ತ ಕಡಿದುಹೋಗುವ ಭಯ ಹುಟ್ಟಿದರೆ ಅದೇ ಐದನೆಯದು. ಮೊದಲ ಹಂತಗಳಲ್ಲಿಯೇ ಕಂಡುಹಿಡಿದು ಸೋರುವ ಜಾಗದ ಮೇಲೆ ಸರಿಯಾಗಿ ಒತ್ತಿಟ್ಟು, ಹೆಪಾರಿನ್ ನಿಲ್ಲಿಸಿ, ಊತದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಮತ್ತೆ ಮತ್ತೆ ನೋಡುತ್ತಿದ್ದರೆ ಬಹುಪಾಲು ಜನರಿಗೆ ಚಾಕು ತಾಗಿಸಬೇಕಾಗಿಯೇ ಬರುವುದಿಲ್ಲ. ಆ ಪೆನ್ನಿನ ಗೆರೆಗೆ ಒಂದು ಪೈಸೆ ಖರ್ಚಿಲ್ಲ. ರಾತ್ರಿ ಪಾಳಿಯ ನರ್ಸ್ ಒಬ್ಬರು ಅದನ್ನು ಎಳೆದರೆ ಒಂದು ಕೈ ಉಳಿದೀತು.

ಮೂರನೆಯ ದಾರಿ ನನಗೆ ಎಲ್ಲಕ್ಕಿಂತ ಹೆಚ್ಚು ಕಳವಳ ತರುವಂಥದ್ದು. ಮೀನಖಂಡ ಊದಿ ನೋಯುತ್ತಿದ್ದರೆ ಈಗ ಎಲ್ಲರ ಮನಸ್ಸಿಗೂ ಮೊದಲು ಬರುವುದು ಸಿರೆಯಲ್ಲಿ ಹೆಪ್ಪುಗಟ್ಟಿದೆ, ಅಂದರೆ ಡಿವಿಟಿ ಎಂಬ ಅನುಮಾನ. ಅನುಮಾನ ತಪ್ಪಲ್ಲ, ಡಿವಿಟಿ ಪ್ರಾಣಕ್ಕೇ ಎರವಾಗಬಲ್ಲದು. ಆದರೆ ಮಂಡಿಯ ಹಿಂದಿನ ನೀರಿನ ಗಂಟು, ಬೇಕರ್ ಸಿಸ್ಟ್ ಎನ್ನುವುದು, ಒಡೆದು ಮೀನಖಂಡಕ್ಕೆ ಇಳಿದರೂ, ಓಡುವಾಗ ಮೀನಖಂಡದ ಸ್ನಾಯು ಹರಿದರೂ ನೋಡಲು ಅದೇ ರೀತಿ. ಡಾಪ್ಲರ್ ಸ್ಕ್ಯಾನ್ ಮಾಡದೆ, ಮೊದಲು ಹೆಪಾರಿನ್ ಕೊಟ್ಟುಬಿಡೋಣ ಎಂದು ಹೊರಟರೆ ಹರಿದ ಸ್ನಾಯುವಿನಿಂದ ನಿಂತಿದ್ದ ರಕ್ತ ಮತ್ತೆ ಹರಿಯುತ್ತದೆ, ಕೋಣೆ ತುಂಬುತ್ತದೆ. ಹೀಗೆ ಚಿಕಿತ್ಸೆಯಿಂದಲೇ ಕಾಲಿಗೆ ಕುತ್ತು ಬಂದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಹೆಪಾರಿನ್ ಶುರುಮಾಡಿದ ಮೇಲೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಡಿವಿಟಿಯೇ ಜಾಸ್ತಿಯಾಗಿದೆ ಎಂದು ಡೋಸ್ ಹೆಚ್ಚಿಸುವ ಮೊದಲು ಒಂದು ಗಳಿಗೆ ನಿಂತು ಯೋಚಿಸಬೇಕು.

ಗುರುತಿಸುವುದು ಹೇಗೆ? ನೋವಿನಿಂದ. ಕಣ್ಣಿಗೆ ಕಾಣುವ ಪೆಟ್ಟಿಗೆ ಹೊಂದದಷ್ಟು ನೋವು, ಮಾತ್ರೆಗೂ ಇಂಜೆಕ್ಷನ್‌ಗೂ ಬಗ್ಗದ, ಗಂಟೆ ಗಂಟೆಗೆ ಏರುವ ನೋವು. ಕಾಲಿನ ಹೆಬ್ಬೆರಳನ್ನು, ಕೈಯ ಬೆರಳುಗಳನ್ನು ಬೇರೆಯವರು ಮೆಲ್ಲಗೆ ಚಾಚಿದರೆ ಜೀವ ಹೋಗುವಂತಾಗುವ ನೋವು. ಮುಟ್ಟಿದರೆ ಆ ಭಾಗ ಬಿರುಸಾಗಿ, ಒತ್ತಿದರೆ ತಗ್ಗದೆ ಇರುತ್ತದೆ. ಆಮೇಲೆ ಜೋಮು, ಆಮೇಲೆ ಬೆರಳಾಡಿಸಲು ಆಗದಿರುವುದು. ಬಿಳಿಚಿಕೊಳ್ಳುವುದು, ತಣ್ಣಗಾಗುವುದು, ನಾಡಿ ಸಿಗದಿರುವುದು ಬರುವ ಹೊತ್ತಿಗೆ ತೀರಾ ತಡವಾಗಿರುತ್ತದೆ. ಪಾದದ ನಾಡಿ ಮಿಡಿಯುತ್ತಿದೆ, ಆದ್ದರಿಂದ ತೊಂದರೆಯಿಲ್ಲ ಎಂಬ ಸಮಾಧಾನ ಎಷ್ಟು ಕಾಲುಗಳನ್ನು ಕಳೆದಿದೆಯೋ! ದೊಡ್ಡ ನಾಳದ ಒತ್ತಡ ಬಹಳ ಹೆಚ್ಚು, ಅದು ಕೊನೆಯವರೆಗೂ ಮಿಡಿಯುತ್ತಲೇ ಇರುತ್ತದೆ. ಸಾಯುತ್ತಿರುವುದು ಅದರ ಪಕ್ಕದ ಸ್ನಾಯು.

ನೋವು ಹೇಳಲಾಗದವರ ಗತಿಯೇನು? ಪಾರ್ಶ್ವವಾಯು ಹೊಡೆದು ಮಾತು ನಿಂತವರಿಗೆ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಕೊಡುತ್ತಾರೆ. ಕೊಟ್ಟ ಮೇಲೆ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು: ಮೊದಲ ಎರಡು ಗಂಟೆ ಪ್ರತಿ 15 ನಿಮಿಷಕ್ಕೆ, ಮುಂದಿನ ಆರು ಗಂಟೆ ಅರ್ಧ ಗಂಟೆಗೊಮ್ಮೆ, ಆಮೇಲೆ 24 ಗಂಟೆ ತುಂಬುವವರೆಗೆ ಗಂಟೆಗೊಮ್ಮೆ. ಲೆಕ್ಕ ಹಾಕಿದರೆ 36 ಸಲ ಯಂತ್ರದ ಪಟ್ಟಿ ಅದೇ ತೋಳನ್ನು ಹಿಂಡುತ್ತದೆ. ಆ ತೋಳಿನಲ್ಲಿಯೇ ಸೂಜಿ ಚುಚ್ಚಿದ ಗಾಯವಿದ್ದರೆ, ಅದು ಸ್ವಾಧೀನ ತಪ್ಪಿದ ತೋಳೇ ಆಗಿದ್ದರೆ, ಪಟ್ಟಿಯ ಕೆಳಗೆ ರಕ್ತ ತುಂಬುತ್ತಿರುವುದು ಯಾರಿಗೂ ತಿಳಿಯದು. ಪಟ್ಟಿಯಿಂದಲೇ ತೋಳಿಗೆ ಈ ಸಿಂಡ್ರೋಮ್ ಬಂದದ್ದು ವರದಿಯಾಗಿದೆ. ಪಟ್ಟಿಯನ್ನು ಸೂಜಿ ಚುಚ್ಚದ ತೋಳಿಗೆ ಕಟ್ಟುವುದು, ಆಗಾಗ ಬಿಚ್ಚಿ ಕೆಳಗಿನ ಚರ್ಮ ನೋಡುವುದು, ಎರಡೂ ತೋಳುಗಳ ಸುತ್ತಳತೆ ಹೋಲಿಸುವುದು, ಇಷ್ಟನ್ನು ತುರ್ತು ಘಟಕದ ದಿನಚರಿಗೆ ಸೇರಿಸಬೇಕು. ಮಾತಾಡಬಲ್ಲ ವೃದ್ಧರ ಪಾಡೂ ಕೆಲವೊಮ್ಮೆ ಇದೇ. ‘ಅಜ್ಜಿಗೆ ತಡ್ಕೊಳ್ಳೋ ಶಕ್ತಿ ಕಡಿಮೆ, ಸುಮ್ನೆ ಕೂಗ್ತಾರೆ’ ಎಂದು ಮನೆಯವರೇ ಹೇಳಿಬಿಡುತ್ತಾರೆ.

ಅನುಮಾನ ಬಂದರೆ ಕೋಣೆಯೊಳಗಿನ ಒತ್ತಡವನ್ನು ಸೂಜಿಯಿಂದ ಅಳೆಯಬಹುದು. ಅದಕ್ಕೆಂದೇ ಮಾಡಿದ ಉಪಕರಣ ಇಲ್ಲದಿದ್ದರೆ ಐಸಿಯುನಲ್ಲಿ ರಕ್ತನಾಳದ ಒತ್ತಡ ಅಳೆಯುವ ಸಲಕರಣೆಯೇ ಸಾಕು. ಒಂದು ಅಂಕಿಯನ್ನು ಮಾತ್ರ ನೋಡಿದರೆ ಸಾಲದು. ಎಡಿನ್‌ಬರೋದ ಮೆಕ್ವೀನ್ ಮತ್ತು ಕೋರ್ಟ್-ಬ್ರೌನ್ 1996ರಲ್ಲಿ, ಕಾಲಿನ ಮೂಳೆ ಮುರಿದ 116 ಮಂದಿಯನ್ನು ಗಮನಿಸಿ ತೋರಿಸಿದ್ದು ಇದು: ರಕ್ತದೊತ್ತಡದ ಕೆಳಗಿನ ಅಂಕಿಯಿಂದ ಕೋಣೆಯ ಒತ್ತಡವನ್ನು ಕಳೆದಾಗ 30ಕ್ಕಿಂತ ಕಡಿಮೆ ಉಳಿದರೆ ಅಪಾಯ. ಬಿಪಿ 120/80 ಇರುವವರಲ್ಲಿ ಕೋಣೆಯ ಒತ್ತಡ 45 ಇದ್ದರೂ ಕಾಯಲು ಅವಕಾಶವಿದೆ. ಹೃದಯಾಘಾತವಾಗಿ ಬಿಪಿ 90/50ಕ್ಕೆ ಇಳಿದವರಲ್ಲಿ 25 ಇದ್ದರೇ ಕಾಲು ಉಸಿರುಗಟ್ಟಿದೆ ಎಂದರ್ಥ. ನಾವು ಮಾತಾಡುತ್ತಿರುವ ರೋಗಿಗಳಲ್ಲಿ ಅನೇಕರು ಈ ಎರಡನೆಯ ಗುಂಪಿನವರು. ಲಕ್ಷಣಗಳು ಎದುರಿಗೇ ಸ್ಪಷ್ಟವಾಗಿದ್ದರೆ ಸೂಜಿಗಾಗಿ ಕಾಯಬೇಕಿಲ್ಲ, ತೆಳು ರಕ್ತದವರಿಗೆ ಆ ಚುಚ್ಚುವಿಕೆಯೂ ಒಂದು ಗಾಯವೇ.

ಚಿಕಿತ್ಸೆ ಒಂದೇ: ಪೊರೆಯನ್ನು ಉದ್ದಕ್ಕೆ ಸೀಳಿ ಕೋಣೆಗಳನ್ನು ತೆರೆಯುವುದು. ಫ್ಯಾಸಿಯಾಟಮಿ ಎಂಬ ಈ ಶಸ್ತ್ರಕ್ರಿಯೆಯಲ್ಲಿ ಕಾಲಿನ ಎರಡೂ ಬದಿಗೆ ಉದ್ದನೆಯ ಗಾಯ ಮಾಡಿ ನಾಲ್ಕೂ ಕೋಣೆ ಬಿಚ್ಚುತ್ತಾರೆ. ಇಲ್ಲಿಯೇ ಅತ್ತ ದರಿ ಇತ್ತ ಪುಲಿ. ರಕ್ತ ಹೆಪ್ಪುಗಟ್ಟದವರ ಕಾಲನ್ನು ಅಡಿಯುದ್ದ ಸೀಳಿದರೆ ಹರಿಯುವ ರಕ್ತ ನಿಲ್ಲುವುದು ಹೇಗೆ? ಸೀಳದಿದ್ದರೆ ಕಾಲು ಉಳಿಯುವುದು ಹೇಗೆ? ಮೂಳೆ ವೈದ್ಯರು ಐಎನ್‌ಆರ್ ಸರಿಯಾಗಲಿ ಎನ್ನುತ್ತಾರೆ, ಹೃದ್ರೋಗ ತಜ್ಞರು ಔಷಧ ನಿಲ್ಲಿಸಲು ಹಿಂಜರಿಯುತ್ತಾರೆ, ಅರಿವಳಿಕೆ ತಜ್ಞರು ರಕ್ತ ಸಿದ್ಧವಾಗಲಿ ಎನ್ನುತ್ತಾರೆ. ಒಬ್ಬೊಬ್ಬರ ಮಾತೂ ನ್ಯಾಯವೇ. ಮೂರೂ ಮಾತು ಮುಗಿಯುವಷ್ಟರಲ್ಲಿ ಆರು ಗಂಟೆ ಕಳೆದಿರುತ್ತದೆ. ರಕ್ತವನ್ನು ಸರಿಪಡಿಸುವ ಕೆಲಸ ಮತ್ತು ಆಪರೇಷನ್ ಥಿಯೇಟರ್ ಸಜ್ಜುಗೊಳಿಸುವ ಕೆಲಸ ಒಂದರ ಹಿಂದೊಂದು ಆಗಬಾರದು, ಒಟ್ಟೊಟ್ಟಿಗೆ ನಡೆಯಬೇಕು. ಈ ಲೇಖನ ಬರೆಯಲು ನನಗಿರುವ ಕಾರಣ ಇದೊಂದೇ ಮಾತು.

ಸರಿಪಡಿಸುವುದು ಸಾಧ್ಯ. ಅಸಿಟ್ರಾಮ್, ವಾರ್ಫರಿನ್ ತೆಗೆದುಕೊಳ್ಳುವವರಿಗೆ ವಿಟಮಿನ್ ಕೆ ಕೊಡುತ್ತಾರೆ, ಆದರೆ ಅದು ಕೆಲಸ ಮಾಡಲು ಹಲವು ಗಂಟೆ ಬೇಕು. ಜತೆಗೆ ಪಿಸಿಸಿ ಎಂಬ ಸಾಂದ್ರೀಕೃತ ಹೆಪ್ಪುಕಾರಕಗಳನ್ನು ಕೊಟ್ಟರೆ ನಿಮಿಷಗಳಲ್ಲಿ ಐಎನ್‌ಆರ್ ಇಳಿಯುತ್ತದೆ. ಅದು ದುಬಾರಿ, ಎಲ್ಲ ಕಡೆ ಸಿಗದು. ಸಿಗದಿದ್ದರೆ ಪ್ಲಾಸ್ಮಾ. 60 ಕಿಲೋ ತೂಕದವರಿಗೆ 600ರಿಂದ 900 ಮಿಲಿಲೀಟರ್ ಬೇಕಾಗುತ್ತದೆ, ಸೋತ ಹೃದಯಕ್ಕೆ ಅಷ್ಟು ದ್ರವ ಭಾರ. ಹೆಪಾರಿನ್‌ಗೆ ಪ್ರೋಟಮಿನ್ ಇದೆ, 100 ಯೂನಿಟ್‌ಗೆ 1 ಮಿಲಿಗ್ರಾಂ ಲೆಕ್ಕ. ಹೊಟ್ಟೆಯ ಚರ್ಮಕ್ಕೆ ಕೊಡುವ ಎನಾಕ್ಸಪಾರಿನ್‌ನಂಥವನ್ನು ಅದು ಅರೆಬರೆ ಮಾತ್ರ ತಡೆಯುತ್ತದೆ. ಹೊಸ ಬಗೆಯ ಮಾತ್ರೆಗಳಲ್ಲಿ ಡಬಿಗಟ್ರಾನ್‌ಗೆ ಇಡರುಸಿಜುಮ್ಯಾಬ್ ಎಂಬ ನೇರ ಪ್ರತಿಮದ್ದು 2015ರಲ್ಲಿ ಬಂತು. ರಿವರಾಕ್ಸಬ್ಯಾನ್, ಅಪಿಕ್ಸಬ್ಯಾನ್ ತೆಗೆದುಕೊಂಡವರಿಗೆ ನಮ್ಮಲ್ಲಿ ಹೆಚ್ಚಾಗಿ ಪಿಸಿಸಿಯೇ ಗತಿ. ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ್ದು ಎಂಬುದು ಇಲ್ಲಿ ದೊಡ್ಡ ಸುಳಿವು. ಹೆಪ್ಪು ಕರಗಿಸುವ ಮದ್ದುಗಳ ಲೆಕ್ಕ ಬೇರೆ. ಆಲ್ಟೆಪ್ಲೇಸ್ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ, ಟೆನೆಕ್ಟೆಪ್ಲೇಸ್ ಅದಕ್ಕಿಂತ ಸ್ವಲ್ಪ ಹೆಚ್ಚು. ಹಳೆಯ ಸ್ಟ್ರೆಪ್ಟೋಕೈನೇಸ್ ಮಾತ್ರ ಹೆಪ್ಪು ಕಟ್ಟುವ ಮೂಲವಸ್ತುವಾದ ಫೈಬ್ರಿನೋಜನ್ನನ್ನೇ ಬರಿದು ಮಾಡಿ ಒಂದು ದಿನದವರೆಗೂ ಕಾಡಬಲ್ಲದು. ಫೈಬ್ರಿನೋಜನ್ ಡೆಸಿಲೀಟರ್‌ಗೆ 150 ಮಿಲಿಗ್ರಾಂಗಿಂತ ಕೆಳಗಿದ್ದರೆ ಅದನ್ನು ತುಂಬಿಕೊಡುವ ಕ್ರಯೋಪ್ರೆಸಿಪಿಟೇಟ್ ಕೊಡುತ್ತಾರೆ, ಟ್ರಾನೆಕ್ಸಾಮಿಕ್ ಆ್ಯಸಿಡ್ ಕೂಡ ಬಳಸುವುದುಂಟು.

ಹಾಗೆಂದು ರಕ್ತವನ್ನು ಒಮ್ಮೆಲೇ ಗಟ್ಟಿ ಮಾಡಿಬಿಟ್ಟರೆ ಲೋಹದ ಕವಾಟದಲ್ಲಿ, ನಿನ್ನೆ ಹಾಕಿದ ಸ್ಟೆಂಟ್‌ನಲ್ಲಿ ಹೆಪ್ಪುಗಟ್ಟಿ ಪ್ರಾಣವೇ ಹೋಗಬಹುದು. ಆದ್ದರಿಂದ ಹೃದ್ರೋಗ ತಜ್ಞರು ಆ ಮಾತುಕತೆಯಲ್ಲಿ ಮೊದಲಿನಿಂದ ಇರಬೇಕು. ರಕ್ತಸ್ರಾವ ಹತೋಟಿಗೆ ಬಂದ ಮೇಲೆ ಮತ್ತೆ ಶುರುಮಾಡುವಾಗ ಹಲವರು ಡ್ರಿಪ್‌ನಲ್ಲಿ ಹೆಪಾರಿನ್ ಆರಿಸಿಕೊಳ್ಳುತ್ತಾರೆ. ನಿಲ್ಲಿಸಿದರೆ ಒಂದೆರಡು ಗಂಟೆಯಲ್ಲಿ ಅದರ ಪ್ರಭಾವ ಇಳಿಯುತ್ತದೆ, ಬೇಕಾದರೆ ಪ್ರೋಟಮಿನ್ ಇದ್ದೇ ಇದೆ. ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್ ನಿಲ್ಲಿಸಲು ಯಾರೂ ಸುಲಭವಾಗಿ ಒಪ್ಪುವುದಿಲ್ಲ, ಒಪ್ಪಲೂಬಾರದು.

ಥಿಯೇಟರ್ ಸಿದ್ಧವಾಗುವವರೆಗೆ ಮಾಡಬೇಕಾದ ಸಣ್ಣ ಕೆಲಸಗಳಿವೆ. ಕಟ್ಟು, ಪಟ್ಟಿ, ಬ್ಯಾಂಡೇಜ್ ಎಲ್ಲವನ್ನೂ ಪೂರ್ತಿ ಬಿಚ್ಚಬೇಕು. ಕಾಲನ್ನು ಹೃದಯದ ಮಟ್ಟದಲ್ಲಿಡಬೇಕು. ಊತ ಇಳಿಯಲೆಂದು ದಿಂಬಿನ ಮೇಲೆ ದಿಂಬಿಟ್ಟು ಎತ್ತಿದರೆ ಒಳಬರುವ ರಕ್ತವೂ ಕಡಿಮೆಯಾಗುತ್ತದೆ. ಬಿಪಿ ಬೀಳದಂತೆ ನೋಡಬೇಕು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಸತ್ತ ಸ್ನಾಯುವಿನ ಕಸ ಮೂತ್ರಪಿಂಡ ತಲುಪಿದೆ ಎಂದರ್ಥ. ಗಾಯವನ್ನು ಕೂಡಲೇ ಹೊಲಿಯುವುದಿಲ್ಲ, ದಿನಗಟ್ಟಲೆ ತೆರೆದಿಟ್ಟು ಆಮೇಲೆ ಮುಚ್ಚುತ್ತಾರೆ ಅಥವಾ ತೊಡೆಯ ಚರ್ಮ ತಂದು ಕಸಿ ಮಾಡುತ್ತಾರೆ. ನೋಡಿ ಮನೆಯವರು ಹೆದರುತ್ತಾರೆ. ಮೊದಲೇ ಹೇಳಿದರೆ ಆ ಭಯ ಅರ್ಧವಾಗುತ್ತದೆ. ತೀರಾ ತಡವಾಗಿ, ಸ್ನಾಯು ಪೂರ್ತಿ ಸತ್ತ ಮೇಲೆ ಸೀಳಿದರೆ ಸೋಂಕಿಗೆ ಬಾಗಿಲು ತೆರೆದಂತೆಯೇ ಹೊರತು ಲಾಭವಿಲ್ಲ, ಆಗ ಅನುಭವಿಗಳು ಚಾಕು ಕೆಳಗಿಡುತ್ತಾರೆ.

ಹಾವಿನ ಕಡಿತದ ವಿಚಾರವನ್ನೂ ಹೇಳಲೇಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಕೊಳಕುಮಂಡಲ ಕಚ್ಚಿದರೆ ವಿಷವೇ ರಕ್ತವನ್ನು ತೆಳು ಮಾಡುತ್ತದೆ, ಕಾಲು ಬಾತು ಬಿಗಿಯುತ್ತದೆ, ನೋಡಿದರೆ ಈ ಸಿಂಡ್ರೋಮೇ. ಆದರೆ ಆ ಊತ ಬಹುಪಾಲು ಕೋಣೆಗಳ ಹೊರಗೆ, ಚರ್ಮದ ಕೆಳಗೆ ಇರುತ್ತದೆ. ಅಲ್ಲಿ ಅವಸರದ ಚಾಕು ಅನಾಹುತ. ಒಣ ಗಾಜಿನ ಕೊಳವೆಯಲ್ಲಿ 20 ನಿಮಿಷ ಇಟ್ಟ ರಕ್ತ ಹೆಪ್ಪುಗಟ್ಟುವವರೆಗೆ ವಿಷನಿವಾರಕ ಕೊಡಬೇಕು, ಒತ್ತಡ ಅಳೆಯಬೇಕು. ಅದಾದ ಮೇಲೂ ಒತ್ತಡ ಇಳಿಯದಿದ್ದರೆ ಮಾತ್ರ ಸೀಳುವ ಮಾತು.

ಮನೆಯಲ್ಲಿ ಅಸಿಟ್ರಾಮ್, ವಾರ್ಫರಿನ್ ಅಥವಾ ಹೊಸ ಬಗೆಯ ರಕ್ತ ತೆಳು ಮಾಡುವ ಮಾತ್ರೆ ನುಂಗುವವರಿದ್ದರೆ ಅವರ ಊದಿದ ಕೈಕಾಲಿಗೆ ಎಣ್ಣೆ ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ, ಬಿಗಿಯಾಗಿ ಕ್ರೇಪ್ ಬ್ಯಾಂಡೇಜ್ ಸುತ್ತಬೇಡಿ. ಹತ್ತಿರದ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಬೇಡಿ, ಆ ಔಷಧವೂ ಆ ಸೂಜಿಯೂ ರಕ್ತಸ್ರಾವ ಹೆಚ್ಚಿಸುತ್ತವೆ. ಹಾಗೆಂದು ಭಯಪಟ್ಟು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ. ಮಾತ್ರೆಯ ಹೆಸರು, ಪ್ರಮಾಣ, ಯಾಕೆ ತೆಗೆದುಕೊಳ್ಳುತ್ತಿದ್ದೀರಿ, ಕೊನೆಯ ಐಎನ್‌ಆರ್ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಪೆಟ್ಟಿಗೆ ಹೊಂದದಷ್ಟು ನೋವು ಬಂದು, ಬೆರಳು ಚಾಚಿದರೆ ಅದು ಹೆಚ್ಚಾಗುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಿ. ಹೋದ ಕೂಡಲೇ ಮೊದಲ ಮಾತಾಗಿ ಹೇಳಿ: ಇವರು ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ, ನೋವು ಇಂಥ ಹೊತ್ತಿಗೆ ಶುರುವಾಯಿತು.